ನಾಳೆ ಕೇಳುವ ಹಾರನ್

ಹಿತ್ತಲಲ್ಲಿ ನಿಂತಿದ್ದ ಹಳೆಯ ಕ್ಯಾಂಪ್ ಲಾರಿಯನ್ನು ರಿಪೇರಿ ಮಾಡಿಸಿ ಸಮುದ್ರ ನೋಡಲು ಹೋಗುತ್ತೇನೆಂದು ನನ್ನ ನಾದಿನಿ ಅಂಬುಜ ಹೇಳಿದಾಗ ನಾನು ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದೆ. "ಹೋಗಮ್ಮ, ಬರುವಾಗ ಒಂದ್ ಬಿಂದಿಗೆ ಸಮುದ್ರದ ನೀರು ಹಿಡ್ಕೊಂಡ್ ಬಾ, ಮನೇಲಿ ಉಪ್ಪು ತೀರಿದೆ" ಅಂದೆ. ಅವಳು ನಗಲಿಲ್ಲ. ಪ್ರಾಯವನ್ನೆಲ್ಲ ಊರಿಗೆ ನೀರಿನ ಟ್ಯಾಂಕರ್ ಓಡಿಸುವುದರಲ್ಲಿ ಕಳೆದವಳು. ನೀರಿನ ವಿಷಯದಲ್ಲಿ ತಮಾಷೆ ಮಾಡಿದರೆ ಅವಳಿಗೆ ಆಗುವುದಿಲ್ಲ.

ಆ ಲಾರಿ ನಮ್ಮ ಯಜಮಾನರದು. ಗುರುಮಲ್ಲಪ್ಪ ಅಂತ ಅವರ ಹೆಸರು, ಅಂಬುಜಳಿಗೆ ಅಣ್ಣ. ರಸ್ತೆ ಹಾಕುವ ಗ್ಯಾಂಗಿನ ಜೊತೆ ಊರೂರು ತಿರುಗುವ ಕೆಲಸ. ಲಾರಿಯ ಹಿಂಭಾಗಕ್ಕೆ ಹಲಗೆ ಹೊಡೆದು ಒಂದು ಕೋಣೆ ಮಾಡಿಕೊಂಡಿದ್ದರು. ಒಳಗೆ ಎರಡು ಹಲಗೆ ಮಂಚ, ಒಂದು ಸೀಮೆಎಣ್ಣೆ ಸ್ಟೌ, ನೀರಿನ ಡ್ರಮ್ಮು, ಕನ್ನಡಿ ತೂಗು ಹಾಕಲು ಒಂದು ಮೊಳೆ. ವರ್ಷದಲ್ಲಿ ಮುಕ್ಕಾಲು ಭಾಗ ಅವರ ಸಂಸಾರ ಅದರಲ್ಲಿ, ಉಳಿದ ಕಾಲು ಭಾಗ ನನ್ನ ಜೊತೆ. ನನಗೊಬ್ಬಳು ಸವತಿ ಇದ್ದಾಳೆ, ಅವಳಿಗೆ ಆರು ಚಕ್ರ ಎಂದು ನಾನು ಎಲ್ಲರೆದುರು ಹೇಳುತ್ತಿದ್ದೆ. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಅವರು ಕೈ ಹಚ್ಚಿದ ಕೊನೆಯ ರಸ್ತೆ ಘಟ್ಟ ಇಳಿದು ಸಮುದ್ರದ ದಡದ ತನಕ ಹೋಗುವಂಥದ್ದು. ಅದು ಮುಗಿದ ಮೇಲೆ ನಮ್ಮಿಬ್ಬರನ್ನೂ ಇದೇ ಲಾರಿಯಲ್ಲಿ ಕೂರಿಸಿಕೊಂಡು ಹೋಗಿ ಸಮುದ್ರ ತೋರಿಸುವುದಾಗಿ ಮಾತು ಕೊಟ್ಟಿದ್ದರು. ರಸ್ತೆ ದಡ ಮುಟ್ಟುವ ಮೊದಲೇ ಕ್ಯಾಂಪಿನಲ್ಲಿ ಎದೆನೋವು ಬಂದು ತೀರಿಕೊಂಡರು.

ನಮ್ಮೂರಲ್ಲಿ ಯಂತ್ರದ ಸದ್ದು ಮಾರನೆಯ ದಿನ ಕೇಳುತ್ತದೆ, ಅದೇ ಜಾಗದಲ್ಲಿ, ಅದೇ ಹೊತ್ತಿಗೆ. ಮನುಷ್ಯರ ಮಾತು, ದನದ ಕೂಗು, ಮಳೆ, ಗುಡುಗು, ಕೈಯಲ್ಲಿ ಬಾರಿಸಿದ ಗಂಟೆ ಇವೆಲ್ಲ ಆಗಿಂದಾಗಲೇ ಕೇಳುತ್ತವೆ. ಇಂಜಿನ್ನು, ಮೋಟರು, ಕರೆಂಟಿನ ಹಾರನ್ನು ಮಾತ್ರ ಒಂದು ದಿನ ತಡ. ನಮಗೆ ಇದೆಲ್ಲ ಅಭ್ಯಾಸ. ಹಿಟ್ಟಿನ ಗಿರಣಿ ರಜೆಯ ದಿನ ಬೀಗ ಹಾಕಿಕೊಂಡು ಒಳಗೇ ಗುಡುಗುಡು ಎನ್ನುತ್ತಿರುತ್ತದೆ. ರಜೆ ಮುಗಿದ ದಿನ ಹಿಟ್ಟು ಮಾತೇ ಆಡದೆ ಡಬ್ಬಕ್ಕೆ ಬೀಳುತ್ತದೆ. ಬಸ್ಸಿನ ಸದ್ದು ಬಂದು ಬಸ್ಸು ಬಾರದಿದ್ದರೆ ಇವತ್ತು ತಡ ಎಂದು ತಿಳಿದು ಜನ ಇನ್ನೊಂದು ಲೋಟ ಕಾಫಿ ಹೇಳುತ್ತಾರೆ. ಗಾಡಿ ಓಡಿಸುವವರು ಹಾರನ್ ನಂಬಿದರೆ ಯಾರ ಮೇಲಾದರೂ ಹತ್ತಿಸುವುದೇ ಸರಿ, ಅದಕ್ಕೆ ಎಲ್ಲರೂ ಸೀಟಿನ ಪಕ್ಕ ಒಂದು ಜಾಗಟೆ ಕಟ್ಟಿಕೊಂಡಿರುತ್ತಾರೆ. ಅಂಬುಜಳ ಟ್ಯಾಂಕರಿಗೆ ಜಾಗಟೆಯೂ ಬೇಕಿರಲಿಲ್ಲ, ಅವಳ ಗಂಟಲೇ ಸಾಕಾಗುತ್ತಿತ್ತು. ಊರಾಚೆಯ ಹೊಳೆಯ ಸೇತುವೆಗೆ ಈ ಪದ್ಧತಿ ಮುಗಿಯುತ್ತದೆ. ಆಚೆ ದಡ ಮುಟ್ಟಿದ ತಕ್ಷಣ ಬಸ್ಸು ಅವತ್ತಿನ ಸದ್ದನ್ನು ಅವತ್ತೇ ಮಾಡಲು ಶುರು ಮಾಡುತ್ತದೆ. ನಮ್ಮ ಕಿವಿ ಅದನ್ನು ತಡೆಯುವುದಿಲ್ಲವೆಂದು ಕಂಡಕ್ಟರು ಟಿಕೆಟ್ಟಿನ ಜೊತೆ ಎರಡು ಉಂಡೆ ಹತ್ತಿಯನ್ನೂ ಕೊಡುತ್ತಾನೆ.

ಇಂಥ ಊರಲ್ಲಿ ಹೆಂಗಸರು ಅಳುವುದೂ ಒಂದು ದಿನ ತಡವಾಗಿ. ಗಂಡ ಹೊರಡುವಾಗ ಲಾರಿ ಬೆಕ್ಕಿನ ಹಾಗೆ ಸದ್ದಿಲ್ಲದೆ ಬೀದಿ ಇಳಿದು ಹೋಗುತ್ತದೆ. ಹೋದರೆಂದು ಮನಸ್ಸಿಗೆ ನಾಟುವುದೇ ಇಲ್ಲ. ಮಾರನೆಯ ದಿನ ಅದೇ ಹೊತ್ತಿಗೆ ಖಾಲಿ ಹಿತ್ತಲಲ್ಲಿ ಇಂಜಿನ್ ಕೆಮ್ಮಿ, ಗೇರ್ ಬಿದ್ದು, ಸದ್ದು ಬೀದಿಯುದ್ದಕ್ಕೂ ಹೋಗಿ ಕೆರೆ ಏರಿಯ ತಿರುವಿನಲ್ಲಿ ಕರಗುತ್ತದಲ್ಲ, ಆಗ ಅವರು ಹೋಗುವುದು. "ಹೋದೋರು ನಾಳೆ ಹೋಗ್ತಾರೆ ಕಣೆ ದಾಕ್ಷಾಯಣಿ, ಇವತ್ತು ಸುಮ್ನೆ ಉಣ್ಣು" ಎಂದು ನಮ್ಮತ್ತೆ ಹೇಳುತ್ತಿದ್ದರು. ಬರುವಾಗಿನ ಕಥೆ ಬೇರೆ. ಯಜಮಾನರು ಊರಿಗೆ ಬರುವಾಗ ಆ ತಿರುವಿನಲ್ಲಿ ಹಾರನ್ ಒತ್ತುತ್ತಿದ್ದರು, ಎರಡು ಸಲ ಗಿಡ್ಡ, ಒಂದು ಸಲ ಉದ್ದ. ಅದು ಕೇಳುವುದು ಮಾರನೆಯ ದಿನ, ಅವರು ನನ್ನ ಪಕ್ಕದಲ್ಲೇ ಕೂತು ಕಾಫಿ ಹೀರುತ್ತಿರುವಾಗ. "ಯಾಕ್ ಹೊಡೀತೀರ ಸುಮ್ನೆ, ಬ್ಯಾಟ್ರಿ ದಂಡ" ಎಂದರೆ, "ಮನೇಲೇ ಇರ್ತೀನಿ ಸರಿ. ಆದ್ರೂ ನಿಂಗೆ ಇನ್ನೊಂದ್ ಸಲ ಬಂದಂಗಾಗಲ್ವಾ?" ಎನ್ನುತ್ತಿದ್ದರು. ಆಗುತ್ತಿತ್ತು. ಅದನ್ನು ನಾನು ಅವರಿಗೆ ಹೇಳುತ್ತಿರಲಿಲ್ಲ ಅಷ್ಟೆ.

ಕೊನೆಯ ಸಲ ಲಾರಿಯನ್ನು ಬೇರೊಬ್ಬ ಡ್ರೈವರ್ ತಂದು ಹಿತ್ತಲಲ್ಲಿ ಬಿಟ್ಟುಹೋದ. ಮಾರನೆಯ ದಿನ ಅದು ಬಂದ ಸದ್ದು ಕೇಳಿತು. ತಿರುವಿನಲ್ಲಿ ಹಾರನ್ ಇರಲಿಲ್ಲ. ಎಲ್ಲ ಗೊತ್ತಿದ್ದೂ ನಾನು ಬಾಗಿಲಿಗೆ ಓಡಿದೆ. ಅವತ್ತಿನಿಂದ ಆ ಲಾರಿಯ ಕಡೆ ತಿರುಗಿ ನೋಡಲಿಲ್ಲ. ಅಷ್ಟು ಒಳ್ಳೆಯ ಬಿಸಿಲು ಬೀಳುವ ಬಾನೆಟ್ಟು, ಅದರ ಮೇಲೆ ಒಂದು ದಿನ ಸಂಡಿಗೆ ಕೂಡ ಒಣಗಿಸಲಿಲ್ಲ.

"ಅತ್ತಿಗೆ, ನೀನೂ ಬರ್ಬೇಕು. ಅಣ್ಣ ಇಬ್ರಿಗೂ ಮಾತು ಕೊಟ್ಟಿದ್ದು" ಎಂದಳು ಅಂಬುಜ.

"ಕೊಟ್ಟೋರೇ ಇಲ್ಲ, ಮಾತು ಇಟ್ಕೊಂಡು ಏನ್ ಉಪ್ಪಿನಕಾಯಿ ಹಾಕ್ಲಾ? ನಾನು ಆ ಲಾರಿ ಹತ್ತಲ್ಲ."

"ನೀನಿಲ್ದೆ ನಾನೊಬ್ಳೇ ಹೋಗಿ ಏನ್ ನೋಡ್ಲಿ?"

"ನೀರು ನೋಡು. ನಿಂಗೆ ಅದೇ ತಾನೇ ಗೊತ್ತಿರೋದು."

ಮಾರನೆಯ ಬೆಳಿಗ್ಗೆಯೇ ಮೆಕ್ಯಾನಿಕ್ ವೀರಾಚಾರಿ ಬಂದ. ನಮ್ಮೂರಲ್ಲಿ ಮೆಕ್ಯಾನಿಕ್ ಆಗಲು ಕೈಗಿಂತ ತಾಳ್ಮೆ ಮುಖ್ಯ. ಇವತ್ತು ಸ್ಟಾರ್ಟು, ನಾಳೆ ಕಿವಿ, ಆಮೇಲೆ ಸ್ಪ್ಯಾನರು ಎನ್ನುವುದು ಆಚಾರಿಯ ಕಸುಬಿನ ನಿಯಮ. ಮೊದಲು ಸೀಟಿನೊಳಗೆ ಸಂಸಾರ ಹೂಡಿದ್ದ ಇಲಿಗಳನ್ನು ಓಡಿಸಿದರು. ಡೀಸೆಲ್ ಟ್ಯಾಂಕಿನಿಂದ ಬಕೆಟ್ಟುಗಟ್ಟಲೆ ತುಕ್ಕು ಬಂತು. ಹೊಸ ಬ್ಯಾಟರಿ ಕೂರಿಸಿ ಕೀ ತಿರುಗಿಸಿದಾಗ ಲಾರಿ ಜ್ವರ ಬಂದವರ ಹಾಗೆ ನಡುಗಿ ಕಪ್ಪು ಹೊಗೆ ಬಿಟ್ಟಿತು. ಅಂಬುಜ ಚಪ್ಪಾಳೆ ತಟ್ಟಿದಳು. "ಈಗಲೇ ಕುಣೀಬೇಡಿ ಅಕ್ಕಾ, ನಾಳೆ ಏನ್ ಹೇಳುತ್ತೋ ಕೇಳೋಣ" ಎಂದು ಆಚಾರಿ ಕೈ ಒರೆಸಿಕೊಂಡು ಹೋದ.

ಮಾರನೆಯ ದಿನ ಅದೇ ಹೊತ್ತಿಗೆ ಇಬ್ಬರೂ ಬಾನೆಟ್ಟಿಗೆ ಕಿವಿ ಕೊಟ್ಟು ನಿಂತರು. ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಲಾರಿ ನಿಂತಿರುವುದು ಆ ಗೋಡೆಗೆ ಒತ್ತಿಕೊಂಡೇ. ಸದ್ದು ಬಂತು. ಇಂಜಿನ್ನಿನ ಗುಡುಗುಡು ಜೊತೆಗೆ ಗರ್ರ್ ಟಕಟಕ, ಗರ್ರ್ ಟಕಟಕ ಎಂದು ಇನ್ನೊಂದು. ಆಚಾರಿ ಕಣ್ಣು ಮುಚ್ಚಿ, ಸಾವಿನ ಮನೆಯಲ್ಲಿ ಮಾತಾಡುವ ಹಾಗೆ, "ಬೇರಿಂಗ್ ಹೋಗಿದೆ ಅಕ್ಕಾ. ಇಂಜಿನ್ ಇಳಿಸ್ಬೇಕು" ಎಂದ. ಆ ಟಕಟಕ ನನಗೆ ಚೆನ್ನಾಗಿ ಗೊತ್ತಿತ್ತು. ಹಿಂದಿನ ದಿನ ಅದೇ ಹೊತ್ತಿಗೆ ಗೋಡೆಯ ಈಚೆ ನಾನು ದೋಸೆಗೆ ರುಬ್ಬುತ್ತಿದ್ದೆ. ನನ್ನ ಗ್ರೈಂಡರಿನ ಕಲ್ಲು ಸಡಿಲವಾಗಿ ಬಹಳ ದಿನವಾಗಿದೆ. ಹೇಳೋಣವೆಂದು ಬಾಯಿ ತೆರೆದೆ. ಇಂಜಿನ್ ಇಳಿಸಿದರೆ ಪ್ರಯಾಣ ಮಳೆಗಾಲದ ಆಚೆಗೆ ಹೋಗುತ್ತದಲ್ಲ ಎಂದು ಹೊಳೆದು, ತೆರೆದ ಬಾಯಿಯಲ್ಲಿ ಆಕಳಿಸಿ ಮುಚ್ಚಿಕೊಂಡೆ.

ನೇರಳೆ ಮರದ ಕೊಂಬೆಗೆ ಸರಪಳಿ ಕಟ್ಟಿ ಇಂಜಿನ್ ಇಳಿಸಿದರು. ಎಲ್ಲ ಬಿಚ್ಚಿ ಚಾಪೆಯ ಮೇಲೆ ಹರಡಿದರು. ಪ್ರತಿ ಬೇರಿಂಗೂ ಮದುವಣಗಿತ್ತಿಯ ಬಳೆಯ ಹಾಗೆ ಹೊಳೆಯುತ್ತಿತ್ತು. ಆಚಾರಿ ತಲೆ ಕೆರೆದುಕೊಂಡು ಎಲ್ಲವನ್ನೂ ಮತ್ತೆ ಜೋಡಿಸಿ ಸ್ಟಾರ್ಟ್ ಮಾಡಿ ಹೋದ. ನನ್ನ ದುರದೃಷ್ಟಕ್ಕೆ ಅವತ್ತು ಉದ್ದಿನಬೇಳೆ ನೆನೆಹಾಕಲು ಮರೆತಿದ್ದೆ, ರುಬ್ಬಲಿಲ್ಲ. ಮಾರನೆಯ ದಿನ ಇಂಜಿನ್ ಸದ್ದು ಕಡೆದ ಬೆಣ್ಣೆಯ ಹಾಗೆ ನುಣ್ಣಗೆ ಬಂತು. ಅಂಬುಜ ಕುಣಿಯುತ್ತಾ ತಿಂಡಿಗೆ ಒಳಗೆ ಬಂದಳು.

"ಇವತ್ತ್ಯಾಕೆ ದೋಸೆ ಇಲ್ಲ ಅತ್ತಿಗೆ?"

"ಹಿಟ್ಟಿಲ್ಲ."

"ನಿನ್ನೆ ರುಬ್ಬಲಿಲ್ವಾ?"

"ಇಲ್ಲ."

ಅವಳು ನನ್ನ ಮುಖ ನೋಡಿದಳು, ಗ್ರೈಂಡರ್ ನೋಡಿದಳು, ಕಿಟಕಿಯಾಚೆಯ ಲಾರಿ ನೋಡಿದಳು. ಆಮೇಲೆ ಟ್ಯಾಂಕರಿನ ದಿನಗಳ ಗಂಟಲಿನಲ್ಲಿ ಕೂಗಿದಳು. "ಆಚಾರ್ರೇ, ಬನ್ನಿ ಇಲ್ಲಿ! ಹೋಗಿದ್ ಬೇರಿಂಗ್ ಅಡುಗೆಮನೇಲಿ ಸಿಕ್ತು!"

ಆಚಾರಿ ಒಳ್ಳೆಯವನು. ಗ್ರೈಂಡರಿನ ಕಲ್ಲು ಬಿಗಿ ಮಾಡಿಕೊಟ್ಟು, ಲಾರಿ ಹೊರಡುವ ತನಕ ದಿನಾ ಬೆಳಿಗ್ಗೆ ದೋಸೆಗೆ ಬಂದು ಕೂತ. ಅವನ ಹೊಟ್ಟೆಯ ಅಳತೆ ನನಗೆ ಆಗ ಗೊತ್ತಾಯಿತು.

ಇಂಜಿನ್ ಸರಿಹೋದ ಮೇಲೆ ಹಿಂದಿನ ಕೋಣೆಯ ಕೆಲಸ ಶುರುವಾಯಿತು. ಹರಿದ ಟಾರ್ಪಾಲು ಹೋಗಿ ತಗಡಿನ ಮಾಡು ಬಂತು, ಗಾಳಿ ಆಡಲು ಎರಡು ಕಿಟಕಿ ಬಂದವು. ಹಲಗೆ ಮಂಚಗಳನ್ನು ಹಗಲು ಗೋಡೆಗೆ ಮಡಚುವ ಹಾಗೆ ಕೀಲು ಹಾಕಿಸಿದಳು. ಡ್ರಮ್ಮಿನ ಬದಲು ನಲ್ಲಿ ಇರುವ ಟ್ಯಾಂಕು, ಸೀಮೆಎಣ್ಣೆ ಸ್ಟೌ ಬದಲು ಗ್ಯಾಸ್ ಒಲೆ, ಮಾಡಿನ ಮೇಲೆ ಸೋಲಾರ್ ಹಲಗೆ, ಅದರಿಂದ ಒಂದು ದೀಪ ಮತ್ತು ಮೂಗಿಗೆ ಮಾತ್ರ ಗಾಳಿ ಬೀಸುವಷ್ಟು ಒಂದು ಫ್ಯಾನು. ನಾನು ದಿನಕ್ಕೆರಡು ಸಲ ಬರುವುದಿಲ್ಲವೆಂದು ಹೇಳುತ್ತಲೇ ಇದ್ದೆ. ಆದರೆ ಪರದೆ ಇಲ್ಲದ ಕಿಟಕಿ ಮರ್ಯಾದಸ್ಥರ ಲಕ್ಷಣವಲ್ಲವೆಂದು ನನ್ನ ಹಳೆಯ ನೀಲಿ ಸೀರೆ ಕತ್ತರಿಸಿ ಪರದೆ ಹೊಲಿದುಕೊಟ್ಟೆ. ಕಪಾಟಿಗೆ ಅಂಚು ಇಲ್ಲದಿದ್ದರೆ ಮೊದಲನೇ ತಿರುವಿಗೇ ಸಾರಿನಪುಡಿ ಡಬ್ಬ ಕೆಳಗೆ ಬೀಳುತ್ತದೆ ಎಂದೂ ಹೇಳಿದೆ. ಕಣ್ಣೆದುರಿಗೆ ತಪ್ಪು ಕೆಲಸ ನಡೆಯುತ್ತಿದ್ದರೆ ಸುಮ್ಮನಿರಲು ಆಗುತ್ತದೆಯೇ? ಅದಕ್ಕೂ ಹೋಗುವುದಕ್ಕೂ ಸಂಬಂಧವಿಲ್ಲ.

ಎಲ್ಲಕ್ಕಿಂತ ನಗು ಬಂದದ್ದು ಹಾರನ್ನಿಗೆ. ಹೊಳೆಯಾಚೆಯ ಪೇಟೆಯಿಂದ ತರಿಸಿದ ಕರೆಂಟಿನ ಹಾರನ್ನನ್ನು ಅವಳು ಬಂಪರಿನ ಹಿಂದೆ ಕೂರಿಸಿಕೊಳ್ಳುತ್ತಿದ್ದಳು. "ಈ ಊರಲ್ಲಿ ಅದ್ಯಾರಿಗೆ ಕಣೇ? ಕಿವುಡನ ಮುಂದೆ ಕಿನ್ನರಿ ಬಾರಿಸಿದಂಗೆ" ಅಂದೆ.

"ಕೇಳೋರಿಗೆ ಕೇಳುತ್ತೆ ಬಿಡು" ಎಂದು ಸ್ಕ್ರೂ ತಿರುಗಿಸಿದಳು.

ಹೊರಡುವ ಹಿಂದಿನ ದಿನ ಆಚಾರಿ ಕೊನೆಯ ದೋಸೆ ಮಡಚುತ್ತಾ ಅವಳಿಗೆ ಹೇಳಿದ. "ಸೇತುವೆ ದಾಟಿದ್ ಮೇಲೆ ಟೀ ಅಂಗಡಿ ಹತ್ರ ಒಂದಿನ ನಿಲ್ಸಿ ಅಕ್ಕಾ. ಅಲ್ಲಿ ಅವತ್ತಿನ ಸದ್ದು ಅವತ್ತೇ ಕೇಳುತ್ತೆ. ಇಂಜಿನ್ ಏನ್ ಹೇಳುತ್ತೋ ಕೇಳ್ಕೊಂಡು ಮುಂದಕ್ಕೆ ಹೋಗಿ. ಘಟ್ಟ ಇಳಿಯೋ ಗಾಡಿ."

ಸಾಯಂಕಾಲ ಮಾವಿನಕಾಯಿ ಉಪ್ಪಿನಕಾಯಿಯ ಜಾಡಿ ಇಟ್ಟುಬರಲು ಮೊದಲ ಸಲ ಲಾರಿಯೊಳಗೆ ಹತ್ತಿದೆ. ಜಾಡಿಯನ್ನು ಒಲೆಯ ಕಟ್ಟೆಯ ಮೇಲಿಟ್ಟಾಗ ನನಗೆ ಗೊತ್ತಾಯಿತು: ಕಟ್ಟೆ ಸರಿಯಾಗಿ ನನ್ನ ಸೊಂಟಕ್ಕೆ ಬರುತ್ತಿತ್ತು. ಅಂಬುಜ ನನಗಿಂತ ಒಂದು ಮೊಳ ಎತ್ತರ. ಅಲ್ಲಿ ಅಡುಗೆ ಮಾಡಬೇಕಾದರೆ ಅವಳು ಗದ್ದೆ ನಾಟಿ ಮಾಡುವವರ ಹಾಗೆ ಬಗ್ಗಬೇಕು. ಪಕ್ಕದ ಹಳೆಯ ಮೊಳೆಯಲ್ಲಿ ಯಜಮಾನರ ಕನ್ನಡಿ, ಉಜ್ಜಿ ಒರೆಸಿ ತೂಗು ಹಾಕಿದ್ದಳು. ಅದರಲ್ಲಿ ನನ್ನ ಮುಖ ಕಂಡಿತು. ಎಲ್ಲಿಂದ ಬಂತೋ, ಸಿಟ್ಟು ನೆತ್ತಿಗೇರಿತು.

"ಎತ್ತರ ಸರಿಯಾಗಿದ್ಯಾ ಅತ್ತಿಗೆ?" ಎಂದಳು ಬಾಗಿಲಲ್ಲಿ ನಿಂತು.

"ನನ್ ಅಳತೆ ತಗೊಳಕ್ಕೆ ನಿಂಗೆ ಯಾರ್ ಹೇಳಿದ್ರು? ಬರಲ್ಲ ಅಂದ್ರೆ ಬರಲ್ಲ. ಎಷ್ಟ್ ಸಲ ಹೇಳ್ಬೇಕು?"

"ನಿಂಗೆ ಸಿಟ್ಟಿರೋದು ನನ್ ಮೇಲಲ್ಲ, ಈ ಲಾರಿ ಮೇಲೆ. ಕಬ್ಬಿಣದ ಮೇಲೆ ಯಾರಾದ್ರೂ ಇಷ್ಟ್ ವರ್ಷ ಸಿಟ್ಟು ಇಟ್ಕೊಳ್ತಾರಾ?"

"ಆ ಕಬ್ಬಿಣ ನಿಮ್ಮಣ್ಣನ್ನ ಕರ್ಕೊಂಡ್ ಹೋಯ್ತು ಅಂಬುಜ. ಅದು ಮಾತ್ರ ವಾಪಸ್ ಬಂತು."

ಅವಳ ಕಣ್ಣು ತುಂಬಿತು. "ನಂಗೂ ಅಣ್ಣನೇ ಅಲ್ವಾ ಅತ್ತಿಗೆ" ಎಂದಳು ಮೆಲ್ಲಗೆ. ಆಮೇಲೆ, "ನಾನು ಬೆಳಿಗ್ಗೆ ಹೊರಡ್ತೀನಿ" ಎಂದು ಹೊರಟುಹೋದಳು. ನನ್ನ ಸಿಟ್ಟು ದೋಸೆ ಹಿಟ್ಟಿನ ಹಾಗೆ, ಒಂದು ದಿನ ಉಬ್ಬಿ ಆಮೇಲೆ ತಾನೇ ಇಳಿಯುತ್ತದೆ ಎಂದು ನಮ್ಮತ್ತೆ ಹೇಳುತ್ತಿದ್ದರು. ಅದು ಅಂಬುಜಳಿಗೂ ಗೊತ್ತು. ಆದರೆ ಉಬ್ಬಿದ ದಿನ ಉಬ್ಬಿದ್ದೇ.

ಬೆಳಿಗ್ಗೆ ನಾನು ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಬೀದಿಯವರು ಅವಳಿಗೆ ಕುಂಕುಮ ಇಟ್ಟಿದ್ದು, ಆಚಾರಿ ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಾ ಏನೋ ಹೇಳಿದ್ದು ಎಲ್ಲ ಕೇಳಿಸಿತು. "ಅತ್ತಿಗೆ, ಬರ್ಲಾ?" ಎಂದು ಅವಳು ಕೂಗಿದ್ದೂ ಕೇಳಿಸಿತು. ನಾನು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಸ್ವಲ್ಪ ಹೊತ್ತಿನ ಮೇಲೆ ಅಡುಗೆಮನೆಯೊಳಗೆ ಎಂದೂ ಇಲ್ಲದ ಬೆಳಕು ಬಿದ್ದಿತ್ತು. ಕಿಟಕಿಗೆ ಅಡ್ಡವಾಗಿದ್ದ ಲಾರಿ ಹೋಗಿತ್ತು. ಹಿತ್ತಲಲ್ಲಿ ಎಣ್ಣೆಯ ಕಲೆ, ಚಪ್ಪಟೆಯಾದ ನಾಲ್ಕು ನಿಂಬೆಹಣ್ಣು. ಹೋಗಲಿ ಎಂದು ಸಾರು ಅನ್ನ ಮಾಡಿ ಉಂಡೆ. ಒಬ್ಬಳಿಗೆ ಅಳತೆ ಗೊತ್ತಾಗದೆ ಇಬ್ಬರಿಗೆ ಆಗುವಷ್ಟು ಮಾಡಿದ್ದೆ.

ಮಾರನೆಯ ಬೆಳಿಗ್ಗೆ ಉಳಿದ ಅನ್ನಕ್ಕೆ ಒಗ್ಗರಣೆ ಹಾಕುತ್ತಿದ್ದಾಗ ಹಿತ್ತಲಲ್ಲಿ ಇಂಜಿನ್ ಎದ್ದಿತು. ಖಾಲಿ ಜಾಗದಿಂದ ಎಂಥ ಗಟ್ಟಿ ಸದ್ದು! ಎರಡು ಸಲ ಜೋರಾಗಿ ಗುರ್ ಎನ್ನಿಸಿ ಆಮೇಲೆ ಗೇರ್ ಹಾಕುವುದು ಅಂಬುಜಳ ಚಾಳಿ; ಹಾಗೇ ಮಾಡಿದಳು. ಸದ್ದು ಮನೆಯ ಪಕ್ಕದಿಂದ ಬೀದಿಗೆ ಇಳಿಯಿತು. ನಾನು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದೆ. ಬೀದಿಯುದ್ದಕ್ಕೂ ಅದು ಹೋಗುವುದನ್ನು ಕೇಳಿದೆ. ಇವಳೂ ಹೋದಳಲ್ಲ ಎಂದು ಆಗ ನನ್ನ ಎದೆಗೆ ನಾಟಿತು. ಇನ್ನೇನು ಕೆರೆ ಏರಿಯ ತಿರುವಿನಲ್ಲಿ ಕರಗಬೇಕು. ಕರಗಲಿಲ್ಲ. ಅಲ್ಲೇ ನಿಂತಿತು. ಹುಣಸೆಮರಗಳ ಮರೆಯಲ್ಲಿ, ನಿನ್ನೆ ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಲಾರಿ ನಿಂತು ಗುಡುಗುಡು ಎನ್ನುತ್ತಲೇ ಇತ್ತು.

ಆಮೇಲೆ ಹಾರನ್. ಎರಡು ಸಲ ಗಿಡ್ಡ, ಒಂದು ಸಲ ಉದ್ದ.

ನಾನು ಹೊಸ್ತಿಲ ಮೇಲೆ ಕೂತುಬಿಟ್ಟೆ. ಅದು ಹೋಗುವವರ ಹಾರನ್ ಅಲ್ಲ, ಬರುವವರದು. ನಿನ್ನೆ ನನ್ನನ್ನು ಕರೆಯಬೇಕಿದ್ದರೆ ಅವಳು ಒಂದು ಸಲ ಕೂಗಿದ್ದರೆ ಸಾಕಿತ್ತು, ಆ ಗಂಟಲಿಗೆ ಕೆರೆ ಏರಿ ಯಾವ ಲೆಕ್ಕ. ಕೂಗಲಿಲ್ಲ. ನಿನ್ನೆ ಕರೆದರೆ ನಾನು ಬರುವವಳಲ್ಲವೆಂದು ಗೊತ್ತಿತ್ತು. ಹಿಟ್ಟು ಇಳಿದ ದಿನ ಕೇಳಲಿ ಎಂದು, ಇವತ್ತಿನ ನನಗೆ, ಹಾರನ್ ಹೊಡೆದು ಹೋಗಿದ್ದಳು. ಇದಕ್ಕೇ ಆ ಹಾರನ್ ಹಾಕಿಕೊಂಡದ್ದು, ಕಳ್ಳಿ!

ಒಲೆ ಆರಿಸಿ ಚೀಲ ಎತ್ತಿಕೊಂಡೆ. ಚೀಲ ಆಗಲೇ ತುಂಬಿತ್ತು. ಯಾರು ತುಂಬಿದ್ದು, ಯಾವಾಗ ತುಂಬಿದ್ದು ಎಂದೆಲ್ಲ ಕೇಳಬೇಡಿ. ಬಸ್ಸಿನ ಸದ್ದು ಬಂದಿತ್ತು, ಬಸ್ಸು ಬಂದಿರಲಿಲ್ಲ. ದೇವರು ದೊಡ್ಡವನು, ಅವತ್ತು ತಡವಾಗಿತ್ತು. ಸೇತುವೆಯ ಟಿಕೆಟ್ ಕೇಳಿದಾಗ ಕಂಡಕ್ಟರು ಹತ್ತಿ ಮುಂದೆ ಹಿಡಿದ. ಬೇಡವೆಂದೆ. "ಕಿವಿ ಹೋಗುತ್ತೆ ಅಮ್ಮಾ" ಎಂದ. "ಹೋದ್ರೆ ಹೋಗ್ಲಿ, ಕೇಳೋದ್ ಕೇಳಾಯ್ತು" ಅಂದೆ. ಸೇತುವೆ ಬರುವ ಮೊದಲೇ ಇಳಿಯಲು ಬಾಗಿಲ ಕಡೆ ಸರಿದು ಕೂತೆ.

ಸೇತುವೆಯಾಚೆ ಟೀ ಅಂಗಡಿಯ ಪಕ್ಕ ನೀಲಿ ಪರದೆಯ ಲಾರಿ ನಿಂತಿತ್ತು. ಬಸ್ಸು ನನ್ನನ್ನು ಇಳಿಸಿ ಕಿವಿ ಕಿತ್ತುಹೋಗುವ ಹಾಗೆ ಅರಚಿಕೊಂಡು ಮುಂದಕ್ಕೆ ಹೋಯಿತು. ಲಾರಿಯೊಳಗೆ ಅಂಬುಜ ನನ್ನ ಸೊಂಟದ ಅಳತೆಯ ಕಟ್ಟೆಯ ಮುಂದೆ ನಾಟಿ ಮಾಡುವವಳ ಹಾಗೆ ಬಗ್ಗಿ ಉಪ್ಪಿಟ್ಟು ಕೆದಕುತ್ತಿದ್ದಳು. ಪಕ್ಕದಲ್ಲಿ ಎರಡು ತಟ್ಟೆ ಇದ್ದವು.

"ಒಂದ್ ದಿನ ಲೇಟಾಯ್ತಲ್ಲ ಅತ್ತಿಗೆ" ಎಂದಳು, ತಿರುಗಿ ನೋಡದೆ.

"ಲೇಟಾಗಿದ್ದು ನಿನ್ ಹಾರನ್ನು. ನಾನು ಕೇಳಿದ್ ತಕ್ಷಣ ಬಂದೆ. ಸರಿ ಆ ಕಡೆ, ತಳ ಹತ್ತಿಸಿದ್ದೀಯ."

ತಿಂದು ಮುಗಿಸಿ ಮುಂದಿನ ಸೀಟಿಗೆ ಹತ್ತಿ ಕೂತೆ. ಇಲಿ ತಿಂದ ಜಾಗಕ್ಕೆ ಹೊಸ ಹತ್ತಿ ತುಂಬಿಸಿದ್ದಳು. ಅವಳು ಕೀ ತಿರುಗಿಸಿದಳು. ಆ ಕ್ಷಣವೇ, ಅವಳ ಕೈ ಇನ್ನೂ ಕೀ ಮೇಲಿರುವಾಗಲೇ, ಸದ್ದು ನನ್ನ ಪಾದದಿಂದ ಹತ್ತಿ ಹಲ್ಲಿನ ತನಕ ಬಂತು. ಇಷ್ಟು ವರ್ಷ ಈ ಇಂಜಿನ್ನನ್ನು ನಾನು ಕೇಳಿದ್ದೆಲ್ಲ ಅವರು ಹೋದ ಮೇಲೆ, ಇಲ್ಲವೇ ಬಂದಾದ ಮೇಲೆ. ಹೊಳೆಯಾಚೆ ಓಡಿಸುವಾಗ ಅವರಿಗೆ ಕೇಳುತ್ತಿದ್ದ ಸದ್ದು ಇದೇ ಇರಬೇಕು. ನಾನು ಅಳತೊಡಗಿದೆ. ಜೀವನದಲ್ಲಿ ಮೊದಲ ಸಲ ನನಗೆ ಅವತ್ತಿನ ಅಳು ಅವತ್ತೇ ಬಂದಿತ್ತು.

ಅಂಬುಜ ಗಾಬರಿಯಾಗಿ ಕೀ ಕಡೆ ಕೈ ಹಾಕಿದಳು. "ಆಫ್ ಮಾಡ್ಲಾ ಅತ್ತಿಗೆ? ಇಳೀತೀಯಾ?"

"ಗೇರ್ ಹಾಕೇ ಸುಮ್ನೆ" ಎಂದು ಸೆರಗಿನಲ್ಲಿ ಮೂಗು ಒರೆಸಿಕೊಂಡೆ. "ಬೇಗ ಸಮುದ್ರಕ್ಕೆ ಬಿಡು. ಉಪ್ಪಿಟ್ಟಿಗೆ ಉಪ್ಪೇ ಹಾಕಿಲ್ಲ ನೀನು."